ಸೀರೆ ಅಂಗಡಿಗೆ ಬಾರ್‌ಕೋಡ್: 39 ಹಾಕುವುದೋ, 128 ಹಾಕುವುದೋ? ಅನುಭವ ಇದ್ದವರು ಹೇಳಿ

ಮಲ್ಲೇಶ್ವರದಿಂದ: ಹೊಸ ಸೀರೆ ಅಂಗಡಿ. ಪ್ರತಿ ಸೀರೆಯ ಸಂಕೇತದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಸೇರಿ 12. ಚೀಟಿ 50 ಮಿ.ಮೀ. ಅಗಲ, ಪ್ರಿಂಟರ್ 203 ಡಿಪಿಐ, ಅಂದರೆ ಇಂಚಿಗೆ 203 ಚುಕ್ಕಿ. ಕೋಡ್ 39, ಕೋಡ್ 128 ಎಂಬ ಎರಡು ಬಗೆಯ ಬಾರ್‌ಕೋಡ್‌ಗಳಲ್ಲಿ ಯಾವುದು ಒಳ್ಳೆಯದು?

ಪೀಣ್ಯದ ಬಿಡಿಭಾಗ ತಯಾರಕ: ಕಣ್ಣು ಮುಚ್ಚಿಕೊಂಡು ಕೋಡ್ 39 ಹಾಕಿ ಮೇಡಂ. ನಮ್ಮಲ್ಲಿ ಎಣ್ಣೆ, ಕಬ್ಬಿಣದ ಪುಡಿ ಮೆತ್ತಿದ ಚೀಟಿಯನ್ನೂ ಸ್ಕ್ಯಾನರ್ ಓದುತ್ತದೆ. ಅಕ್ಷರವೊಂದಕ್ಕೆ ಐದು ಗೆರೆ, ನಾಲ್ಕು ಸಂದು. ಒಂಬತ್ತರಲ್ಲಿ ಮೂರು ಮಾತ್ರ ದಪ್ಪ. ಒಂದು ಗೆರೆ ಕೆಟ್ಟರೆ ಈ ಲೆಕ್ಕ ಕೂಡುವುದಿಲ್ಲ, ಸ್ಕ್ಯಾನರ್ ಓದದೆ ಸುಮ್ಮನಾಗುತ್ತದೆ. ಹಾಗಾಗಿ ಓದಿದ್ದು ಸರಿಯೇ ಎಂದು ನೋಡಲು ಕೊನೆಗೆ ಸೇರಿಸುವ ತಾಳೆ ಅಂಕಿಯೂ ಕಡ್ಡಾಯವಲ್ಲ. ಮಾರಾಟಗಾರನೊಬ್ಬ ಲೇಬಲ್ ತಂತ್ರಾಂಶಕ್ಕೆ 18,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ವರ್ಷ ವರ್ಷ ನಿರ್ವಹಣೆಗೆ 4,000 ಎಂದ. ಬೇಡವೆಂದೆ. ಅಕ್ಷರಗಳನ್ನು ಗೆರೆಗಳಾಗಿ ಮೂಡಿಸುವ ಫಾಂಟ್ ಹಾಕಿಕೊಂಡು, ಆರಂಭ, ಮುಕ್ತಾಯದ ಗುರುತಾಗಿ ಎರಡೂ ತುದಿಗೆ ನಕ್ಷತ್ರ ಚಿಹ್ನೆ (*) ಕೊಟ್ಟೆ, ಕೆಲಸ ಮುಗಿಯಿತು.

ಚಿಕ್ಕಪೇಟೆಯ ಉಡುಪು ವ್ಯಾಪಾರಿ: ಇಂಥ ಮಾತು ಕೇಳಿಯೇ ನಾವು ಕೆಟ್ಟದ್ದು! ಸಲಹೆಗಾರನೂ 39 ಎಂದೇ ಹೇಳಿದ್ದ. ಚೀಟಿ, ರಿಬ್ಬನ್ ಸೇರಿ 11,200 ರೂಪಾಯಿ ಕಸದ ಬುಟ್ಟಿಗೆ ಹೋಯಿತು. ಲೆಕ್ಕ ಹಾಕಿ: ಸಣ್ಣ ಗೆರೆಯ ಅಗಲ ಒಂದು ಘಟಕ. ದಪ್ಪ ಗೆರೆ ಅದರ ಮೂರು ಪಟ್ಟು ಇದ್ದರೆ, ಅಕ್ಷರಗಳ ನಡುವಿನ ಸಂದೂ ಸೇರಿ ಅಕ್ಷರಕ್ಕೆ 16 ಘಟಕ, ನಕ್ಷತ್ರ ಸೇರಿ 14 ಅಕ್ಷರ. ಘಟಕಕ್ಕೆ ಎರಡು ಚುಕ್ಕಿ, ಅಂದರೆ ಕಾಲು ಮಿ.ಮೀ. ಒಟ್ಟು 56 ಮಿ.ಮೀ.! 50ರ ಚೀಟಿಯಲ್ಲಿ ಎಲ್ಲಿ ತುರುಕುತ್ತೀರಿ? ಕುಗ್ಗಿಸಿ ಒತ್ತಿದರೆ ಘಟಕಕ್ಕೆ ಒಂದೂಮುಕ್ಕಾಲು ಚುಕ್ಕಿ. ಪ್ರಿಂಟರ್ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಹಾಕುತ್ತದೆ. ದೀಪಾವಳಿಯ ನೂಕುನುಗ್ಗಲಿನಲ್ಲಿ ಕೈಯಲ್ಲೇ ಬಿಲ್ ಬರೆದೆವು. 128ರಲ್ಲಿ ಅಕ್ಷರಕ್ಕೆ 11 ಘಟಕ. ಆರಂಭ, ತಾಳೆ, ಮುಕ್ತಾಯದ ಚಿಹ್ನೆಗಳು (ಮುಕ್ತಾಯದ್ದು ಮಾತ್ರ 13) ಸೇರಿ 167, ಸುಮಾರು 42 ಮಿ.ಮೀ. ಸ್ಕ್ಯಾನರ್ ಓದಲು ಇಕ್ಕೆಲದಲ್ಲಿ ಹತ್ತು ಹತ್ತು ಘಟಕ ಖಾಲಿ ಬಿಟ್ಟರೂ 47.

ಪೀಣ್ಯ: ಕುಗ್ಗಿಸಿ ಒತ್ತಿದವರು ನೀವು, ದೂರು ಕೋಡಿನ ಮೇಲೆ! ದಪ್ಪ ಗೆರೆಯನ್ನು ಎರಡು ಪಟ್ಟಿಗೆ ಇಳಿಸಿದ್ದರೆ 45 ಮಿ.ಮೀ.ಗೆ ಮುಗಿಯುತ್ತಿತ್ತು. ನಿಮ್ಮ 128ಕ್ಕೆ ಫಾಂಟ್ ಒಂದೇ ಸಾಲದು. ಪ್ರತಿ ಅಕ್ಷರದ ಮೌಲ್ಯವನ್ನು ಅದರ ಸ್ಥಾನದಿಂದ ಗುಣಿಸಿ, ಆರಂಭ ಚಿಹ್ನೆಯ ಮೌಲ್ಯದೊಂದಿಗೆ ಕೂಡಿಸಿ, 103ರಿಂದ ಭಾಗಿಸಿ ಬಂದ ಶೇಷದಿಂದ ತಾಳೆ ಚಿಹ್ನೆ ತೆಗೆಯಬೇಕು. ಅಂಗಡಿಯವರು ಸೀರೆ ಮಾರುವುದೋ, ಭಾಗಾಕಾರ ಮಾಡುತ್ತ ಕೂರುವುದೋ?

ಚಿಕ್ಕಪೇಟೆ: ಆ ಲೆಕ್ಕವನ್ನು ಲೇಬಲ್ ಪ್ರಿಂಟರೇ ಹಾಕಿಕೊಳ್ಳುತ್ತದೆ ಸ್ವಾಮಿ. ನಿಮ್ಮ 45ಕ್ಕೆ ಇಕ್ಕೆಲದ ಖಾಲಿ ಜಾಗ ಸೇರಿಸಿ ನೋಡಿ, 50 ದಾಟುತ್ತದೆ.

ರಾಜಾಜಿನಗರದ ತಿಂಡಿ ತಯಾರಕಿ: ನಮ್ಮ ಚಕ್ಕುಲಿ, ಕೋಡುಬಳೆ ಪೊಟ್ಟಣಕ್ಕೆ ಇಎಎನ್-13 ಎಂಬ ಹದಿಮೂರು ಅಂಕಿಯ ಬಾರ್‌ಕೋಡ್ ಹಾಕಿದ್ದೇವೆ. ಮೊದಲ ಅಂಕಿಗೆ ಪ್ರತ್ಯೇಕ ಗೆರೆಗಳೇ ಇಲ್ಲ, ಎಡಭಾಗದ ಆರು ಅಂಕಿಗಳನ್ನು ಬರೆದ ಬಗೆಯಲ್ಲೇ ಅದು ಅಡಗಿದೆ. ಶುಲ್ಕ ಕಟ್ಟಿ ಸಂಖ್ಯೆ ಪಡೆದೆವು. ಮೊದಲ ಮೂರು ಅಂಕಿ 890 ಎಂದರೆ ನಮ್ಮ ದೇಶದ ಸರಕು, ಹೆಮ್ಮೆಯಿಂದ ಹಾಕಿ.

ಚಿಕ್ಕಪೇಟೆ: 890 ಎಂದರೆ ಸಂಖ್ಯೆ ಕೊಟ್ಟದ್ದು ಜಿಎಸ್1 ಇಂಡಿಯಾ ಎಂಬ ಸಂಸ್ಥೆ, ಅಷ್ಟೇ. ಸರಕು ಎಲ್ಲಿ ತಯಾರಾಯಿತೆಂದು ಅದು ಹೇಳುವುದಿಲ್ಲ. ಅದೂ ಅಲ್ಲದೆ ಇಎಎನ್‌ನಲ್ಲಿ ಅಂಕಿ ಬಿಟ್ಟು ಒಂದಕ್ಷರವೂ ಹಿಡಿಸದು.

ರಾಜಾಜಿನಗರ: ನಮ್ಮ ಚಕ್ಕುಲಿ ತಯಾರಾಗುವುದು ಇಲ್ಲೇ, ನಮ್ಮ ಅಡುಗೆಮನೆಯಲ್ಲೇ! ಅದನ್ನು ನೀವು ಹೇಳಿಕೊಡಬೇಕಾಗಿಲ್ಲ.