‘ಸ್ಟಾಲ್’ ಎಂಬುದಕ್ಕೆ ‘ರೆಕ್ಕೆ ಸೋಲುವುದು’ ಎನ್ನಬಹುದೇ?

ಮಾನ್ಯರೇ,

ಸರಕು ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಪತನಗೊಂಡ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ‘ಸ್ಟಾಲ್’ ಎಂಬ ಪದ ಎದುರಾದರೆ, ಅದನ್ನು ‘ಸ್ಥಗಿತಗೊಂಡಿತು’ ಎಂದೋ ‘ಎಂಜಿನ್ ನಿಂತುಹೋಯಿತು’ ಎಂದೋ ಬರೆದುಬಿಡುವುದು ಸುಲಭ. ಕಾರಿನ ಮಟ್ಟಿಗೆ ಆ ಅರ್ಥ ಸರಿ. ವಿಮಾನದ ಮಟ್ಟಿಗೆ ಅದು ಅಪಘಾತದ ಕಾರಣವನ್ನೇ ಬದಲಿಸುತ್ತದೆ. ಓದುಗನು ಎಂಜಿನ್ ತಯಾರಿಸಿದವರ ಮೇಲೆ ಅನುಮಾನಪಡುತ್ತಾನೆ, ತಪ್ಪು ನಡೆದ ಜಾಗ ಬೇರೆಯೇ ಆಗಿರುತ್ತದೆ. ಆದ್ದರಿಂದ ಈ ಒಂದು ಪದಕ್ಕೆ ನಿಖರವಾದ ಕನ್ನಡ ರೂಪವನ್ನು ನಿಶ್ಚಯಿಸಿಕೊಳ್ಳಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ವಿಮಾನದ ಮೂತಿ ಅತಿಯಾಗಿ ಮೇಲೆದ್ದು, ರೆಕ್ಕೆಯು ಎದುರುಗಾಳಿಗೆ ಒಡ್ಡಿಕೊಂಡಿರುವ ಕೋನ ಒಂದು ಮಿತಿಯನ್ನು, ಸಾಮಾನ್ಯವಾಗಿ ಸುಮಾರು 15 ಡಿಗ್ರಿಯನ್ನು, ದಾಟಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಅಲ್ಲಿಂದ ಬೇರ್ಪಟ್ಟು ಸುಳಿಯಾಗುತ್ತದೆ ಮತ್ತು ವಿಮಾನವನ್ನು ಎತ್ತಿ ಹಿಡಿದಿದ್ದ ಬಲ ಥಟ್ಟನೆ ಕುಸಿಯುತ್ತದೆ. ಇದೇ ‘ಸ್ಟಾಲ್’. ಆಗಲೂ ಎಂಜಿನ್‌ಗಳು ಪೂರ್ಣ ಶಕ್ತಿಯಿಂದ ಓಡುತ್ತಿರಬಹುದು. ಪೈಲಟ್ ಮೂತಿಯನ್ನು ಕೆಳಗಿಳಿಸಿ ವೇಗ ಗಳಿಸಿಕೊಂಡರೆ ಮತ್ತೆ ಎತ್ತುವ ಬಲ ದೊರೆಯುತ್ತದೆ, ಆದರೆ ಹಾಗೆ ಮಾಡಲು ಕೆಳಗೆ ಸಾಕಷ್ಟು ಎತ್ತರ ಉಳಿದಿರಬೇಕು. ಈಗಷ್ಟೇ ಮೇಲೇರಿದ ವಿಮಾನಕ್ಕೆ ಅದು ಇರುವುದಿಲ್ಲ.

2013ರ ಏಪ್ರಿಲ್ 29ರಂದು ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ದುಬೈಗೆ ಹೊರಟ ಬೋಯಿಂಗ್ 747 ಸರಕು ವಿಮಾನದ ಅಪಘಾತವನ್ನು ಇಲ್ಲಿ ನೆನೆಯಬೇಕು. ಅದರಲ್ಲಿದ್ದ ಏಳು ಮಂದಿ ಸಿಬ್ಬಂದಿಯೂ ಮೃತಪಟ್ಟರು. ಒಳಗೆ ಐದು ಸೇನಾ ಕವಚವಾಹನಗಳಿದ್ದವು. ಅವುಗಳನ್ನು ಪಟ್ಟಿಗಳಿಂದ ಬಿಗಿದ ಕ್ರಮ ಸಾಲದೆ, ವಿಮಾನ ಮೇಲೇಳುತ್ತಿದ್ದಂತೆ ಹಿಂಬದಿಯ ಒಂದು ವಾಹನ ಕಟ್ಟು ಕಳಚಿಕೊಂಡು ಹಿಂದಕ್ಕೆ ಸರಿದು, ಹೈಡ್ರಾಲಿಕ್ ವ್ಯವಸ್ಥೆಗಳಿಗೂ ಬಾಲದ ಅಡ್ಡರೆಕ್ಕೆಯನ್ನು ಹೊರಳಿಸುವ ಯಂತ್ರಕ್ಕೂ ಹಾನಿ ಮಾಡಿತು. ಮೂತಿ ಮೇಲೆದ್ದದ್ದು ಮತ್ತೆ ಇಳಿಯಲಿಲ್ಲ. ಇದನ್ನು ‘ಎಂಜಿನ್ ಸ್ಥಗಿತ’ ಎಂದರೆ ಸುಳ್ಳಾಗುತ್ತದೆ. ‘ಸರಕು ಜಾರಿ ಸಮತೋಲನ ತಪ್ಪಿತು’ ಎಂದರೂ ಅರ್ಧ ಮಾತ್ರ ನಿಜ, ಏಕೆಂದರೆ ಭಾರ ಸರಿದದ್ದಕ್ಕಿಂತ ಹೆಚ್ಚಾಗಿ ಆ ವಾಹನ ಮಾಡಿದ ಹಾನಿಯೇ ವಿಮಾನವನ್ನು ಹತೋಟಿಗೆ ಸಿಗದಂತೆ ಮಾಡಿತು.

ಎಂಜಿನ್ ಕಳಚಿಕೊಂಡ ಅಪಘಾತಗಳೂ ಇವೆ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಸತಿ ಕಟ್ಟಡಗಳ ಮೇಲೆ ಬಿದ್ದ 747 ಸರಕು ವಿಮಾನದ ಬಲ ರೆಕ್ಕೆಯ ಒಂದು ಎಂಜಿನ್ ಕಳಚಿ, ಪಕ್ಕದ್ದನ್ನೂ ಕಿತ್ತುಕೊಂಡು ಹೋಗಿತ್ತು. 2025ರ ನವೆಂಬರ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಎಂಡಿ-11 ವಿಮಾನ ಮೇಲೇಳುವಾಗಲೇ ಎಡ ಎಂಜಿನ್ ಬೇರ್ಪಟ್ಟಿತು. ಇಷ್ಟು ಬೇರೆ ಬೇರೆಯಾದ ಘಟನೆಗಳು ಕನ್ನಡದಲ್ಲಿ ಒಂದೇ ವಾಕ್ಯದೊಳಗೆ ಸೇರಿಹೋಗಬಾರದು.

ನನ್ನ ಸೂಚನೆ ‘ರೆಕ್ಕೆ ಸೋಲುವುದು’. ‘ಕಾಲು ಸೋತಿತು’, ‘ಕೈ ಸೋತಿತು’, ‘ದನಿ ಸೋತಿತು’ ಎಂದು ನಾವು ಹೇಳುವಾಗ ಆ ಅಂಗ ಮುರಿದಿದೆ ಎಂದಲ್ಲ, ಇದ್ದೂ ತನ್ನ ಕೆಲಸ ಮಾಡಲಾರದಂತಾಗಿದೆ ಎಂದೇ ಅರ್ಥ. ರೆಕ್ಕೆಗೆ ಆಗುವುದೂ ಅದೇ. ‘ಎತ್ತುಬಲ ನಷ್ಟ’ ಎಂಬ ರೂಪ ಪಠ್ಯಪುಸ್ತಕಕ್ಕೆ ಹೊಂದೀತು, ಆದರೆ ಕ್ರಿಯಾಪದವಾಗಿ ಬಳಸಲು ಅದು ತೊಡಕಿನದು. ‘ಮೂತಿ ಮೇಲೆದ್ದು ರೆಕ್ಕೆ ಸೋತು ವಿಮಾನ ಬಿತ್ತು’ ಎಂಬ ವಾಕ್ಯದಲ್ಲಿ ಘಟನೆಗಳ ಕ್ರಮವೂ ಕಾರಣವೂ ಒಟ್ಟಿಗೆ ಬರುತ್ತವೆ. ‘ಸ್ಟಾಲ್’ ಎಂದೇ ಉಳಿಸಿಕೊಳ್ಳುವವರಿಗೆ ನನ್ನ ಆಕ್ಷೇಪವಿಲ್ಲ, ಮೊದಲ ಸಲ ಬಂದಾಗ ಅರ್ಥ ಬಿಡಿಸಿ ಹೇಳಿದರೆ ಸಾಕು.

‘ಅತಿಭಾರ’ ಎಂಬ ಪದದಲ್ಲೂ ಇಂಥದೇ ಎಚ್ಚರಿಕೆ ಬೇಕು. 1997ರಲ್ಲಿ ಮಯಾಮಿಯಲ್ಲಿ ಮೇಲೇರಿದ ಕೂಡಲೇ ಬಿದ್ದ ಡಿಸಿ-8 ಸರಕು ವಿಮಾನದ ತನಿಖೆಯಲ್ಲಿ ಮುಖ್ಯವಾಗಿ ಕಂಡುಬಂದದ್ದು, ಸರಕನ್ನು ತುಂಬಿದ ರೀತಿಯಿಂದ ಗುರುತ್ವ ಕೇಂದ್ರ, ಅಂದರೆ ವಿಮಾನದ ಒಟ್ಟು ಭಾರ ಸಮತೂಗುವ ಬಿಂದು, ತೀರ ಹಿಂದಕ್ಕೆ ಹೋಗಿತ್ತೆಂಬುದು. ಎಷ್ಟು ತುಂಬಿದರು ಎಂಬುದು ಒಂದು ಪ್ರಶ್ನೆ, ಎಲ್ಲಿ ಇಟ್ಟರು ಎಂಬುದು ಇನ್ನೊಂದು. ಎರಡನೆಯದಕ್ಕೆ ‘ಹಿಂಭಾರ’ ಎಂಬ ಪದ ಹೊಂದುತ್ತದೆಂದು ನನ್ನ ಅಭಿಪ್ರಾಯ.

ಈಗ ವಿದ್ವಾಂಸರಲ್ಲಿ ನನ್ನ ಪ್ರಶ್ನೆ ನಾಮರೂಪದ ಬಗ್ಗೆ. ‘ರೆಕ್ಕೆಸೋಲು’ ಎಂದು ಸಮಾಸ ಮಾಡಿದರೆ ‘ಸೋಲು’ ಎಂಬುದಕ್ಕಿರುವ ಪರಾಭವದ ಅರ್ಥ ಮುಂದೆ ಬಂದು ತೊಡಕಾಗುತ್ತದೆಯೇ, ಅಥವಾ ‘ರೆಕ್ಕೆಸೋಲಿಕೆ’ ಎಂಬುದು ಹೆಚ್ಚು ಒಪ್ಪುವ ರೂಪವೇ? ಪ್ರಯೋಗದ ಉದಾಹರಣೆಗಳೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.