ಪ್ರಶ್ನೋತ್ತರ ಬಾಯಿಪಾಠವಾಗಿದೆ, ಪ್ರಾರ್ಥನೆಯ ರೂಢಿ ಬರುವುದು ಹೇಗೆ?

ಪ್ರಶ್ನೆ: ಧರ್ಮೋಪದೇಶ ಶಿಕ್ಷಕಿ, ಕುಂಬಳೆ

ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆಯ ಬಳಿಕ ನಾನು ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಸುತ್ತೇನೆ. ಏಳು ಸಂಸ್ಕಾರಗಳು ಯಾವುವು ಎಂದು ಕೇಳಿದರೆ ಹಿಂದಿನ ಬೆಂಚಿನ ಹುಡುಗನೂ ತಡವರಿಸದೆ ಹೇಳುತ್ತಾನೆ. ಆದರೆ ವಿಶ್ವಾಸವನ್ನು ಬಲಪಡಿಸುವ ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಅದೇ ಹುಡುಗ ಹಬ್ಬದ ದಿನ ಬಿಟ್ಟರೆ ಚರ್ಚಿನ ಕಡೆ ಸುಳಿಯುವುದಿಲ್ಲ. ಪಾಠವನ್ನು ಇನ್ನಷ್ಟು ಚೆನ್ನಾಗಿ ಮಾಡಬೇಕೇ, ಇಲ್ಲವೇ ಕ್ರೈಸ್ತ ಬದುಕು ರೂಢಿಯಿಂದಲೇ ಬರಬೇಕೇ? ಅರ್ಥ ತಿಳಿಯುವ ಮೊದಲೇ ಮಕ್ಕಳಿಂದ ಪ್ರಾರ್ಥನೆ, ಉಪವಾಸ, ಸೇವೆಗಳನ್ನು ಮಾಡಿಸುವುದು ಸರಿಯೇ ಎಂಬುದು ನನ್ನ ಮುಖ್ಯ ಸಂದೇಹ.

ಉತ್ತರ: ಬೇಳದ ಓದುಗ

ಸರಿ ಮಾತ್ರವಲ್ಲ, ಹಳೆಯ ಕ್ರಮವೂ ಅದೇ. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ವಿಶ್ವಾಸಸೂತ್ರವನ್ನು ಮೊದಲೇ ಕಲಿಸುತ್ತಿದ್ದರೂ, ದೀಕ್ಷಾಸ್ನಾನ ಮತ್ತು ಪರಮಪ್ರಸಾದದ ಒಳಾರ್ಥವನ್ನು ಅವನ್ನು ಸ್ವೀಕರಿಸಿದ ಬಳಿಕ, ಈಸ್ಟರಿನ ವಾರದಲ್ಲಿ, ಬಿಡಿಸಿ ಹೇಳುತ್ತಿದ್ದರು. ಧರ್ಮಾಧ್ಯಕ್ಷ ಸಿರಿಲ್ ಅವರ ಹೆಸರಿನಲ್ಲಿ ಉಳಿದಿರುವ ಪ್ರವಚನಗಳಲ್ಲಿ ಇದಕ್ಕೆ ಕಾರಣವನ್ನೂ ಕೊಟ್ಟಿದೆ: ಕೇಳಿದ್ದಕ್ಕಿಂತ ಕಂಡದ್ದು ಮನಸ್ಸಿಗೆ ಹೆಚ್ಚು ನಾಟುತ್ತದೆ.

ನಮ್ಮ ಮನೆಗಳಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ನಡೆಯುವುದನ್ನು ಗಮನಿಸಿ. ಹತ್ತು ‘ನಮೋ ಮರಿಯಾ’ ಪ್ರಾರ್ಥನೆಗಳ ಒಂದು ದಶಕವನ್ನು ಮನೆಯ ಕಿರಿಯ ಮಗುವಿಗೆ ಬಿಟ್ಟುಕೊಡುತ್ತಾರೆ. ಅದು ಎಣಿಕೆ ತಪ್ಪಿ ಹನ್ನೊಂದನೆಯ ನಮೋ ಮರಿಯಾ ಆರಂಭಿಸಿದರೂ ಅಜ್ಜಿ ತಡೆಯುವುದಿಲ್ಲ. ಆ ಪ್ರಾರ್ಥನೆಯ ಉತ್ತರಾರ್ಧವನ್ನು ಹೇಳಿ ಮುಗಿಸಿ, ಜಪಸರದ ಮುಂದಿನ ದೊಡ್ಡ ಮಣಿಯನ್ನು ಮಗುವಿನ ಬೆರಳಿಗೆ ಸಿಕ್ಕಿಸುತ್ತಾರೆ. ಸೆಪ್ಟೆಂಬರ್ 8ರ ತೆನೆಹಬ್ಬದಲ್ಲಿಯೂ ಹೀಗೆಯೇ: ಒಂಬತ್ತು ದಿನ ಮಾತೆ ಮರಿಯಳಿಗೆ ಹೂವು ಅರ್ಪಿಸಿ, ಆಶೀರ್ವದಿಸಿದ ತೆನೆಯ ಹೊಸ ಅಕ್ಕಿಯನ್ನು ಮನೆಯವರೆಲ್ಲ ಸೇರಿ ಉಂಡ ಮಗುವಿಗೆ ಕೃತಜ್ಞತೆಯ ಬಗ್ಗೆ ಬೇರೆ ಪಾಠ ಹೆಚ್ಚು ಬೇಕಾಗದು.

ಉತ್ತರ: ಮಂಜೇಶ್ವರದ ಸಭಾಸದಸ್ಯ

ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ನಮ್ಮದು 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನ ಪರಂಪರೆ. ಓದಿಗೂ ವಿವರಣೆಗೂ ಬೆಲೆ ಕೊಟ್ಟು ಬೆಳೆದವರು ನಾವು. ಜನರಿಗೆ ಕಾಣಲೆಂದು ಮಾಡುವ ಪ್ರಾರ್ಥನೆಯನ್ನೂ ಉಪವಾಸವನ್ನೂ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸು ಖಂಡಿಸಿದ್ದಾರೆ. ಅರ್ಥವಿಲ್ಲದ ರೂಢಿ ಅಲ್ಲಿಗೇ ಹೋಗಿ ಮುಟ್ಟುವ ಭಯವಿದೆ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರಮಾಲೆಯಲ್ಲಿ ‘ಇದರ ಅರ್ಥವೇನು’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ. ಅದೇ ಪುಸ್ತಕದಲ್ಲಿ ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ, ಊಟಕ್ಕೆ ಕುಳಿತಾಗ ಹೇಳಬೇಕಾದ ಪ್ರಾರ್ಥನೆಗಳೂ ಇವೆ ಎಂಬುದನ್ನು ನ್ಯಾಯವಾಗಿ ಸೇರಿಸಬೇಕು.

ಉತ್ತರ: ಹೊಸೂರಿನಿಂದ

ಮಂಜೇಶ್ವರದವರು ಹೇಳಿದ ಅಧ್ಯಾಯವನ್ನೇ ಮತ್ತೊಮ್ಮೆ ಓದಿದರೆ, ದಾನ, ಪ್ರಾರ್ಥನೆ, ಉಪವಾಸಗಳನ್ನು ಶಿಷ್ಯರು ಮಾಡಿಯೇ ಮಾಡುತ್ತಾರೆ ಎಂದು ಇಟ್ಟುಕೊಂಡೇ ಯೇಸು ಮಾತನಾಡುವುದು ಕಾಣುತ್ತದೆ. ತಿದ್ದಿದ್ದು ಮಾಡುವ ಬಗೆಯನ್ನು. ಇನ್ನು ಶಿಕ್ಷಕಿಯವರ ಸಂದೇಹಕ್ಕೆ ಯೊವಾನ್ನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ನೇರ ಉತ್ತರವಿದೆ. ಯೇಸು ತನ್ನ ಶಿಷ್ಯರ ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರ ತಕರಾರು ಮಾಡುತ್ತಾನೆ; ಇದು ನಿನಗೆ ಈಗ ತಿಳಿಯದು, ಮುಂದೆ ತಿಳಿಯುತ್ತದೆ ಎಂದು ಹೇಳಿ ಯೇಸು ತೊಳೆಯುತ್ತಾರೆ. ವಿವರಣೆ ಬರುವುದು ಮೇಲುಹೊದಿಕೆಯನ್ನು ಮತ್ತೆ ತೊಟ್ಟು ಕುಳಿತ ಮೇಲೆ.

ರೂಢಿ ಪೊಳ್ಳಾಗದಂತೆ ನೋಡಿಕೊಳ್ಳಲು ನನಗೆ ತೋಚುವ ದಾರಿ ಒಂದೇ: ಅದಕ್ಕೆ ಏನಾದರೂ ವೆಚ್ಚವಿರಬೇಕು, ಮತ್ತು ಅದರ ಲಾಭ ಇನ್ನೊಬ್ಬರಿಗೆ ತಲುಪಬೇಕು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ತಿಂಡಿ ಬಿಟ್ಟ ಮಗು ಆ ಹಣವನ್ನು ತಾನೇ ಕೊಂಡೊಯ್ದು, ಹಾಸಿಗೆ ಹಿಡಿದ ನೆರೆಯವರಿಗೆ ಹಣ್ಣು ಕೊಟ್ಟು, ಅವರೊಡನೆ ಕುಳಿತು ಬರಲಿ. ಮುಂದಿನ ಭಾನುವಾರ ಆ ಮಗುವೇ ಪ್ರಶ್ನೆ ಕೇಳೀತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನನ್ನ ತರಗತಿಯ ಅನೇಕ ಮನೆಗಳಲ್ಲಿ ಸಂಜೆಯ ತೇರ್ಸ್ ನಿಂತುಹೋಗಿದೆ. ಆದ್ದರಿಂದ ಅಜ್ಜಿ ಮಾಡುವ ಕೆಲಸವನ್ನು ತರಗತಿಯಲ್ಲೇ ಆರಂಭಿಸಬೇಕಾಗಬಹುದು. ಪಾಠದ ಸಮಯ ಕಡಿಮೆಯಾದರೆ ಪರೀಕ್ಷೆಯ ಗತಿಯೇನು ಎಂದು ಹೆತ್ತವರು ಕೇಳುವುದು ಖಂಡಿತ. ಮೊದಲು ಅವರನ್ನು ಕರೆದು ಮಾತನಾಡುತ್ತೇನೆ.