ಅಪ್‌ಡೇಟ್: ಜಿಪ್ಸಂ ಗೋಡೆಯ ಲೆಕ್ಕ ತಪ್ಪಿದ್ದು ಎಲ್ಲಿ?

ಹೋದ ತಿಂಗಳು ಕೇಳಿದ್ದೆ: ಉಡುಪಿಯ ನಮ್ಮ ಮನೆ ಮಹಡಿಯಲ್ಲಿ ಮಗನ ಚೆಂಡೆ-ಮದ್ದಳೆ ಅಭ್ಯಾಸಕ್ಕೆ ಜಿಪ್ಸಂ ಬೋರ್ಡಿನ ಗೋಡೆ ಹಾಕಿಸಿದ್ದೇವೆ, ಕಂಪ್ಯೂಟರ್ ಲೆಕ್ಕದಷ್ಟು ಸದ್ದು ನಿಲ್ಲುತ್ತಿಲ್ಲ, ಯಾಕೆ ಅಂತ.

ಎಡವಟ್ಟು ನನ್ನದೇ. ಎರಡೂ ಬೋರ್ಡಿನ ತೂಕ ಕೂಡಿಸಿ ಒಂದೇ ದಪ್ಪ ಗೋಡೆ ಅಂತ ಲೆಕ್ಕ ಹಾಕಿದ್ದೆ. ನಡುವೆ 50 ಮಿ.ಮೀ. ಗಾಳಿ ಇದೆಯಲ್ಲ, ಅದು ಸ್ಪ್ರಿಂಗ್ ಥರ. ಚದರ ಮೀಟರಿಗೆ 9 ಕೆ.ಜಿ. ತೂಗುವ ಒಂದೊಂದು ಬೋರ್ಡ್ ಆಚೀಚೆ ಇದ್ದರೆ ಸುಮಾರು 126 ಹರ್ಟ್ಸ್‌ನ ತಗ್ಗು ಸದ್ದಿಗೆ ಗೋಡೆಯೇ ಕುಣಿಯುತ್ತದೆ. ಚೆಂಡೆಯ ಚುರುಕು ಸದ್ದು ತಡೆದು, ಮದ್ದಳೆಯ ಗುಮ್ ಮಾತ್ರ ದಾಟಿ ಬರುತ್ತಿದ್ದದ್ದು ಅದಕ್ಕೇ. ಎರಡೂ ಕಡೆ ಇನ್ನೊಂದೊಂದು ಬೋರ್ಡ್ ಸೇರಿಸಿದರೆ ಅದು 89ಕ್ಕೆ ಇಳಿಯುತ್ತದೆ. ಜೊತೆಗೆ, ಎರಡೂ ಬೋರ್ಡನ್ನು ಒಂದೇ ಸ್ಟಡ್‌ಗೆ (ಗೋಡೆಯೊಳಗಿನ ಆಧಾರದ ಕಂಬಕ್ಕೆ) ಸ್ಕ್ರೂ ಹೊಡೆದಿದ್ದಾರೆ. ಸದ್ದಿಗೆ ಅದೇ ಸೇತುವೆ. ಗೋಡೆ ಎಷ್ಟು ಸದ್ದು ತಡೆಯುತ್ತದೆ ಅಂತ ಲೆಕ್ಕ ಹಾಕುವ, 1978ರ ಶಾರ್ಪ್ ಅವರ ಮಾದರಿಯಲ್ಲಿ ಇದಕ್ಕೂ ಲೆಕ್ಕವಿದೆ, ನಾನೇ ಸುಮ್ನೆ ಬಿಟ್ಟಿದ್ದೆ.

ಆದರೆ ದೊಡ್ಡ ಕಳ್ಳ ಬೇರೆಯೇ ಮಾರಾಯ್ರೆ! ಕೆಲಸದವರು ಫಾಲ್ಸ್ ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟರು. ಗೋಡೆ ಅಲ್ಲಿಗೇ ಮುಗಿದಿತ್ತು. ಮೇಲೆ ಸ್ಲ್ಯಾಬಿನವರೆಗೆ ಒಂದು ಗೇಣು ಪೂರ್ತಿ ಖಾಲಿ, ಆ ಕಡೆಯ ಟ್ಯೂಬ್‌ಲೈಟ್ ಕಾಣುತ್ತಿತ್ತು! ಬರೀ ಗೋಡೆಯ ಲೆಕ್ಕ ಹಾಕುವ ಮಾದರಿಗೆ ಇದು ಹೇಗೆ ಗೊತ್ತಾಗಬೇಕು?

ಬೋರ್ಡನ್ನು ಸ್ಲ್ಯಾಬಿಗೆ ಮುಟ್ಟಿಸಿ ಸಂದಿಗೆ ಸೀಲೆಂಟ್ ತುಂಬಿಸಿದೆವು. ಪಕ್ಕದ ಕೋಣೆಯಲ್ಲಿ ಅಮ್ಮನಿಗೆ ಈಗ ಧಾರಾವಾಹಿ ಕೇಳುತ್ತದೆ. ಮದ್ದಳೆ ಇನ್ನೂ ಸ್ವಲ್ಪ ಇದೆ. ಎರಡನೇ ಬೋರ್ಡ್ ಮಳೆ ಬಿಟ್ಟ ಮೇಲೆ.